ಅತಿಥಿಯೊಡನೆ ಬಂದ ನಾಯಿ

ಮನುಷ್ಯನ ಒಡನಾಡಿಯಾದ ನಾಯಿಯನ್ನು ಕನ್ನಡನಾಡು ಹಿಂದಿನಿಂದಲೂ ಆದರಿಸಿದೆ. ಹತ್ತನೆಯ ಶತಮಾನದಲ್ಲಿ ಮಣಲೇರನೆಂಬ ವೀರನ ನಾಯಿ ‘ಕಾಳಿ’ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಅದರ ನೆನಪಿಗಾಗಿ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಲ್ಲಿಸಿದ ಶಾಸನಶಿಲೆಯು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಕೆಲವು ವಸತಿಗೃಹಗಳು ಪ್ರವಾಸಿಗರ ನಾಯಿಗಳಿಗೂ ಆಶ್ರಯ ನೀಡುತ್ತವೆ. ಇದು ಸಂತೋಷದ ಸಂಗತಿ. ಆದರೆ ಆದರ ಪಡೆದವನಿಗೆ ಹೊಣೆಯೂ ಉಂಟು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುತ್ತದೆ. ಅದೇ ನದಿಯ ಹೆಸರನ್ನು ಹೊತ್ತ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. 2007ರಲ್ಲಿ ಸರ್ಕಾರವು ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇಂತಹ ಬಯಲಿನಲ್ಲಿ ಹಗ್ಗ ಕಳಚಿದ ನಾಯಿಗೆ ಓಟವು ಆಟ. ಹುಲ್ಲಿನಲ್ಲಿ ಅಡಗಿರುವ ಮರಿಗೆ ಅದು ಪ್ರಾಣಸಂಕಟ. ಬೆನ್ನಟ್ಟುವುದು ನಾಯಿಯ ಸ್ವಭಾವ. ತಪ್ಪು ಅದರದಲ್ಲ, ಹಗ್ಗ ಬಿಟ್ಟ ಕೈಯದು.

ಆದುದರಿಂದ ನಾಯಿಯೊಡನೆ ಹೊರಡುವವರು ಮೊದಲೇ ಅದಕ್ಕೆ ರೇಬೀಸ್ ಲಸಿಕೆ ಹಾಕಿಸಬೇಕು. ತಂಗಿದ ಮನೆಯನ್ನೂ ನದಿಯ ದಡವನ್ನೂ ಶುಚಿಯಾಗಿಡಬೇಕು. ವನ್ಯಮೃಗಗಳ ನೆಲೆಗೆ ಅದನ್ನು ಒಯ್ಯಬಾರದು. ತನ್ನ ನಾಯಿಯ ಮೇಲಿನ ಪ್ರೀತಿಯು ಪರರ ಪ್ರಾಣವನ್ನೂ ಕಾಯುವಂತಿದ್ದರೆ ಮಾತ್ರ ಅದು ನಿಜವಾದ ದಯೆ.