ಜಕ್ಕೂರು ಕೆರೆಯಲ್ಲಿ ಸುಸ್ಥಿರ ಅಭಿವೃದ್ಧಿಯ ಪಾಠ

ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ಇದು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವ್ಯಾಖ್ಯೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳಲ್ಲಿ 6ನೆಯದು ನೀರು ಮತ್ತು ನೈರ್ಮಲ್ಯ, 11ನೆಯದು ಸುಸ್ಥಿರ ನಗರಗಳು.

ಈ ಎರಡು ಗುರಿಗಳು ಕೂಡುವ ಜಾಗ ಬೆಂಗಳೂರಿನ ಉತ್ತರ ಭಾಗದಲ್ಲಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳ–ಯಲಹಂಕ ರಸ್ತೆಯ ಇಕ್ಕೆಲದ ಜಮೀನಿಗೆ ಬೆಲೆ ಬಂತು, ಉದ್ಯೋಗವೂ ಬಂತು. ಜೊತೆಗೆ ಕೊಳಚೆ ನೀರೂ ಹೆಚ್ಚಿತು. ಇದಕ್ಕೆ ಉತ್ತರ ಯಲಹಂಕದ ಪಕ್ಕದ ಜಕ್ಕೂರು ಕೆರೆಯಲ್ಲಿದೆ. ಬೆಂಗಳೂರು ಜಲಮಂಡಳಿಯ ಘಟಕದಲ್ಲಿ ಶುದ್ಧೀಕರಿಸಿದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿಯುತ್ತದೆ. ಉಳಿದ ಸಾರಜನಕ, ರಂಜಕವನ್ನು ಗಿಡಗಳ ಬೇರುಗಳು ಹೀರುತ್ತವೆ. ಆಮೇಲೆ ಕೆರೆ, ಕೋಡಿ ಹರಿದರೆ ರಾಚೇನಹಳ್ಳಿ ಕೆರೆ. ಮೀನುಗಾರರಿಗೆ ದುಡಿಮೆ, ದನಗಳಿಗೆ ಹುಲ್ಲು, ಸುತ್ತಲಿನ ಬಾವಿಗಳಿಗೆ ಅಂತರ್ಜಲ. ಆರ್ಥಿಕ, ಸಾಮಾಜಿಕ, ಪರಿಸರ ಎಂಬ ಮೂರು ಆಯಾಮಗಳನ್ನು ಒಂದೇ ಏರಿಯ ಮೇಲೆ ನಿಂತು ನೋಡಬಹುದು.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಇದೇ ತತ್ವದ ದೊಡ್ಡ ರೂಪ: ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿತ ನೀರಿನಿಂದ ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆ ತುಂಬಿಸುವ ಗುರಿ. ಇಲ್ಲಿ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಣ ಎಂಬುದೇ ರೈತರ ಆಕ್ಷೇಪ, ಅದು ನ್ಯಾಯವಾದದ್ದೇ. ಪರೀಕ್ಷೆಯಲ್ಲಿ ಸುಸ್ಥಿರ ಅಭಿವೃದ್ಧಿಯ ಬಗ್ಗೆ ಪ್ರಬಂಧ ಬರೆಯುವವರಾದರೆ ಈ ಆಕ್ಷೇಪವನ್ನೂ ಬಿಡದೆ ಬರೆಯಿರಿ.