ಮಿಂಚಂಚೆಯ ನಕಲೂ ಮರುರವಾನೆಯೂ

ಶಾಲಾ ಕಚೇರಿಯಲ್ಲಿ ಆವಕ-ಜಾವಕ ಪುಸ್ತಕವೆಂಬುದೊಂದು ಇರುತ್ತದೆ. ಬಂದ ಕಾಗದಕ್ಕೂ ಹೋದ ಕಾಗದಕ್ಕೂ ಅದರಲ್ಲಿ ಕ್ರಮಸಂಖ್ಯೆ ಬೀಳುತ್ತದೆ. ಗುಮಾಸ್ತರು ಬದಲಾದರೂ ಪುಸ್ತಕ ಬದಲಾಗುವುದಿಲ್ಲ. ಮಿಂಚಂಚೆ ಬಂದ ಮೇಲೆ ಈ ಪದ್ಧತಿ ನಮ್ಮಲ್ಲಿ ಸಡಿಲವಾಯಿತು. ಅದರ ಫಲವನ್ನು ನಾವು ಉಂಡೆವು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಸೂಚನೆಯೊಂದು, ವರ್ಗವಾಗಿ ಹೋಗಿದ್ದ ಅಧ್ಯಾಪಕರೊಬ್ಬರ ಅಂಚೆಪೆಟ್ಟಿಗೆಯಲ್ಲಿ ಓದುವವರಿಲ್ಲದೆ ಬಿದ್ದಿತ್ತು. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿತ್ತು. ಇಬ್ಬರು ಮಕ್ಕಳಿಗೆ ಆ ವರ್ಷ ದೊರೆಯಬೇಕಾದುದು ದೊರೆಯಲಿಲ್ಲ. ದೋಷ ಆ ಅಧ್ಯಾಪಕರದಲ್ಲ. ವ್ಯವಸ್ಥೆ ಮಾಡದಿದ್ದ ನಮ್ಮದು.

ಮಿಂಚಂಚೆಗೂ ಒಂದು ಅಂಚೆಕಚೇರಿ ಉಂಟು. ಅದಕ್ಕೆ ಸರ್ವರ್ ಎಂದು ಹೆಸರು. ಅಲ್ಲಿ ಕಾಗದಗಳನ್ನು ವಿಂಗಡಿಸಿ ಮುಟ್ಟಿಸುವ ತಂತ್ರಾಂಶಗಳಲ್ಲಿ ಪೋಸ್ಟ್‌ಫಿಕ್ಸ್ ಪ್ರಸಿದ್ಧವಾದುದು. ವೀಟ್ಸೆ ವೆನೆಮಾ ಎಂಬವರು ಐಬಿಎಂ ಸಂಶೋಧನಾಲಯದಲ್ಲಿದ್ದಾಗ ರಚಿಸಿದ ಇದು ೧೯೯೮ರಲ್ಲಿ ಹೊರಬಂದಿತು. ಬೆಲೆಯಿಲ್ಲದೆ ದೊರೆಯುವುದರಿಂದ ನಮ್ಮಂತಹ ಶಾಲೆಗೂ ಎಟುಕುತ್ತದೆ.

ವಿದ್ಯಾರ್ಥಿಗಳು ಮೊದಲು ತಿಳಿಯತಕ್ಕ ವಿಷಯವೆಂದರೆ, ಮಿಂಚಂಚೆಯಲ್ಲಿಯೂ ಲಕೋಟೆ ಬೇರೆ, ಒಳಗಿನ ಕಾಗದ ಬೇರೆ. ಕಾಗದದ ತಲೆಯಲ್ಲಿ ಯಾರ ಹೆಸರಿದ್ದರೂ ಸರ್ವರ್ ಅದನ್ನು ಮುಟ್ಟಿಸುವುದು ಲಕೋಟೆಯ ವಿಳಾಸವನ್ನು ನೋಡಿಯೇ. ನಕಲು ಎಂದರೆ ಲಕೋಟೆಯ ಮೇಲೆ ಇನ್ನೊಂದು ವಿಳಾಸವನ್ನು ಸೇರಿಸುವುದು. ಮರುರವಾನೆ ಎಂದರೆ ಇದ್ದ ವಿಳಾಸವನ್ನು ಹೊಡೆದು ಬೇರೊಂದನ್ನು ಬರೆಯುವುದು. ಹಿಂದೆ ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಕಾಗದವಿಟ್ಟು ನಕಲು ತೆಗೆಯುತ್ತಿದ್ದರಷ್ಟೆ. ‘ಸಿಸಿ’ ಎಂಬ ಅಕ್ಷರಗಳು ಅದರ ಕುರುಹು. ‘ಬಿಸಿಸಿ’ ಎಂದರೆ ಇತರರಿಗೆ ಕಾಣದ ನಕಲು.

ಪೋಸ್ಟ್‌ಫಿಕ್ಸಿನಲ್ಲಿ ‘ಆಲ್ವೇಸ್ ಬಿಸಿಸಿ’ ಎಂಬ ಕಟ್ಟಳೆಯಿದೆ. ಅದನ್ನು ಬರೆದರೆ ಸರ್ವರಿಗೆ ಬರುವ ಪ್ರತಿಯೊಂದು ಕಾಗದದ ನಕಲೂ ಒಂದೇ ವಿಳಾಸಕ್ಕೆ ಹೋಗುತ್ತದೆ. ಇದು ಊರಿನವರ ಅಂಚೆಯನ್ನೆಲ್ಲ ಒಬ್ಬನ ಮನೆಗೆ ತಂದು ಸುರಿದಂತೆ, ನಾವು ಒಪ್ಪಲಿಲ್ಲ. ‘ರೆಸಿಪಿಯೆಂಟ್ ಬಿಸಿಸಿ ಮ್ಯಾಪ್ಸ್’ ಎಂಬುದು ಲೇಸು. ಒಂದು ಕಡತದಲ್ಲಿ ಸಾಲಿನ ಎಡಕ್ಕೆ ಯಾರಿಗೆ ಬಂದ ಕಾಗದವೋ ಆ ವಿಳಾಸ, ಬಲಕ್ಕೆ ನಕಲು ಹೋಗಬೇಕಾದ ವಿಳಾಸ. ಬಲಕ್ಕೆ ಒಂದೇ ವಿಳಾಸವಿರತಕ್ಕದ್ದು. ಕಳಿಸಿದವರನ್ನು ನೋಡಿ ನಕಲು ಮಾಡಲು ‘ಸೆಂಡರ್ ಬಿಸಿಸಿ ಮ್ಯಾಪ್ಸ್’ ಇದೆ. ಕಡತ ಬರೆದಾದ ಮೇಲೆ ‘ಪೋಸ್ಟ್‌ಮ್ಯಾಪ್’ ಆಜ್ಞೆಯಿಂದ ಅದನ್ನು ಯಂತ್ರ ಓದುವ ಕೋಷ್ಟಕವಾಗಿ ಮಾಡಬೇಕು. ಇದನ್ನು ಮರೆತು ನಾವು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡದ್ದುಂಟು.

ಮರುರವಾನೆಗೆ ‘ವರ್ಚುವಲ್ ಏಲಿಯಾಸ್ ಮ್ಯಾಪ್ಸ್’ ಎಂಬ ಬೇರೆ ಕೋಷ್ಟಕ. ಇಲ್ಲಿ ಬಲಕ್ಕೆ ಹಲವು ವಿಳಾಸಗಳನ್ನು ಬರೆಯಬಹುದು. ಮೂಲ ಪೆಟ್ಟಿಗೆಯಲ್ಲಿಯೂ ಒಂದು ಪ್ರತಿ ಉಳಿಯಬೇಕಾದರೆ ಎಡಗಡೆಯ ವಿಳಾಸವನ್ನೇ ಬಲಕ್ಕೂ ಸೇರಿಸಬೇಕು. ಇಲ್ಲವಾದರೆ ಆ ಪೆಟ್ಟಿಗೆ ಬರಿದಾಗಿಯೇ ಇರುತ್ತದೆ.

ತೊಡಕುಗಳೂ ಇವೆ. ರಜೆಗೆ ಹೋಗುವ ಇಬ್ಬರು ಒಬ್ಬರ ಅಂಚೆಯನ್ನು ಇನ್ನೊಬ್ಬರಿಗೆ ತಿರುಗಿಸಿದರೆಂದು ಭಾವಿಸಿರಿ: ಎರಡು ಸರ್ವರುಗಳ ನಡುವೆ ಕಾಗದ ಚೆಂಡಿನಂತೆ ಪುಟಿಯುತ್ತದೆ. ಪೋಸ್ಟ್‌ಫಿಕ್ಸ್ ಕಾಗದದ ಮೇಲೆ ಬಿದ್ದ ಮುದ್ರೆಗಳನ್ನು ಎಣಿಸಿ, ಸಾಮಾನ್ಯವಾಗಿ ೫೦ ಮೀರಿದರೆ ಹಿಂದಕ್ಕೆ ಕಳಿಸುತ್ತದೆ. ಮರುರವಾನೆಯಾದ ಕಾಗದವನ್ನು ಹೊರಗಿನ ದೊಡ್ಡ ಅಂಚೆಸೇವೆಗಳು ಸಂಶಯದಿಂದ ಕಾಣುವುದೂ ಉಂಟು. ಲಕೋಟೆಯಲ್ಲಿ ಕಳಿಸಿದವರ ಹೆಸರು ಒಂದು, ತಂದು ಕೊಡುವ ಸರ್ವರ್ ಇನ್ನೊಂದು. ‘ಎಸ್‌ಪಿಎಫ್’ ಪರೀಕ್ಷೆ ಇಂತಹುದನ್ನೇ ಹಿಡಿಯುತ್ತದೆ. ಆದುದರಿಂದ ನಾವು ಸಾಧ್ಯವಾದಷ್ಟೂ ನಮ್ಮದೇ ಸರ್ವರಿನ ಒಳಗೆ ಮಾತ್ರ ತಿರುಗಿಸುತ್ತೇವೆ.

ಗುಟ್ಟಿನ ನಕಲು ಗುಟ್ಟಾಗಿಯೇ ಉಳಿಯುವುದೆಂಬ ಭರವಸೆಯೂ ಇಲ್ಲ. ನಕಲಿನ ವಿಳಾಸ ಕೆಟ್ಟಿದ್ದರೆ ಪೋಸ್ಟ್‌ಫಿಕ್ಸಿನ ಹಳೆಯ ಆವೃತ್ತಿಗಳಲ್ಲಿ ‘ಮುಟ್ಟಲಿಲ್ಲ’ ಎಂಬ ಸೂಚನೆ ಮೂಲ ಕಾಗದ ಬರೆದವರಿಗೇ ಹೋಗುತ್ತಿತ್ತು; ಮುಂದಿನ ಸರ್ವರ್ ನಿಯಮದಂತೆ ನಡೆದುಕೊಳ್ಳದಿದ್ದರೆ ಈಗಲೂ ಹೋಗಬಹುದು! ಮಗುವಿನ ಕಾಯಿಲೆಯನ್ನೋ ಮನೆಯ ಕಷ್ಟವನ್ನೋ ತರಗತಿಯ ಅಧ್ಯಾಪಕರೊಬ್ಬರಿಗೇ ಎಂದು ಬರೆದ ತಾಯಿಗೆ ಅಂತಹ ಸೂಚನೆ ಬಂದರೆ ನಾವು ಏನೆಂದು ಉತ್ತರಿಸೋಣ? ಹೆತ್ತವರು ತಿಳಿದಿರಲಿ: ನಕಲು ಆಗುವುದು ಕಚೇರಿಯ ವಿಳಾಸಕ್ಕೆ ಬಂದ ಕಾಗದಗಳು ಮಾತ್ರ, ಅವು ಮುಖ್ಯೋಪಾಧ್ಯಾಯರ ಪೆಟ್ಟಿಗೆಗೆ ಮಾತ್ರ. ಈಗ ಕೆಲಸದಲ್ಲಿರುವ ಅಧ್ಯಾಪಕರ ವಿಳಾಸಗಳನ್ನು ನಾವು ಮುಟ್ಟಿಲ್ಲ.

ವರ್ಗವಾಗಿ ಹೋದ ಆ ಅಧ್ಯಾಪಕರ ಹಳೆಯ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ಕಚೇರಿಯ ಕಡೆಗೆ ತಿರುಗಿಸಿದ್ದೇವೆ. ಈಗಲೂ ತಿಂಗಳಿಗೆ ಒಂದೆರಡು ಕಾಗದಗಳು ಅದಕ್ಕೆ ಬರುತ್ತಿವೆ.