ಬಕೆಟ್ಟಿಗೊಂದು ಕೊಕ್ಕೆ: ಲೋಡರಿಗೆ ಚೈನ್ ಹುಕ್ ಕೂರಿಸುವ ಲೆಕ್ಕ

ನಂಜನಗೂಡು, ಟಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ಮುಂದೆ ಲೋಡರ್ ಹಾಕಿಸಿಕೊಂಡ ಟ್ರ್ಯಾಕ್ಟರ್ ಈಗ ಅಪರೂಪದ ವಸ್ತುವಲ್ಲ. ಹಾಕಿಸೋದು ಗೊಬ್ಬರ, ಮಣ್ಣು, ಮರಳು ತುಂಬೋಕೆ. ಆದರೆ ಎತ್ತುವ ಯಂತ್ರವೊಂದು ಮನೆ ಮುಂದೆ ನಿಂತ ಮೇಲೆ ಊರಿನ ಭಾರವೆಲ್ಲ ಅದರ ಕಡೆಗೇ ನೋಡುತ್ತೆ. ತೋಟದ ಬೇಲಿಗೆ ಕಲ್ಲುಕಂಬ, ಶೌಚಾಲಯದ ಗುಂಡಿಗೆ ಸಿಮೆಂಟ್ ರಿಂಗು, ಬಿದ್ದ ತೆಂಗಿನ ಮರ, ನಾಲೆ ನೀರು ಬಿಟ್ಟ ಮೇಲೆ ಗದ್ದೆಗಿಳಿಯೋ ಟ್ರ್ಯಾಕ್ಟರಿನ ಕೇಜ್ ವೀಲ್, ನದಿ ದಡದ ಪಂಪ್‌ಸೆಟ್ಟು. ಇವೆಲ್ಲ ಬಕೆಟ್ಟಿನ ಒಳಗೆ ಕೂರಲ್ಲ, ನೇತಾಡಬೇಕು. ಆಗ ಚೈನನ್ನ ಬಕೆಟ್ಟಿನ ಹಲ್ಲಿಗೋ ಅಂಚಿಗೋ ಸುತ್ತುತ್ತಾರೆ. ಸ್ವಲ್ಪ ಮುಂದಾಲೋಚನೆ ಇರೋರು ವೆಲ್ಡಿಂಗ್ ಶಾಪಿಗೆ ಹೋಗಿ ಒಂದು ಕೊಕ್ಕೆ ಅಂಟಿಸಿಕೊಂಡು ಬರ್ತಾರೆ.

ಈ ಲೇಖನ ಆ ಕೊಕ್ಕೆಯ ಬಗ್ಗೆ. ನಮ್ಮ ಕ್ಲಾಸಿನಲ್ಲಿ ಈ ಎರಡು ತಾಲ್ಲೂಕಿನ ಹುಡುಗರು ಕೆಲವರಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ ನೋಡಿದ ಹುಕ್ಕುಗಳಲ್ಲಿ ಹೆಚ್ಚಿನವು ಮನೆ ಕಟ್ಟಿ ಉಳಿದ ಕಂಬಿಯನ್ನು ಬಗ್ಗಿಸಿ ಮಾಡಿದವು. ಅಂಥದ್ದೊಂದು ಕಂಬಿ ಕೊಕ್ಕೆ ಕಲ್ಲುಕಂಬ ಎತ್ತುವಾಗ ನಿಧಾನವಾಗಿ ಬಾಯಿ ಬಿಚ್ಚಿ, ಕಂಬ ಜಾರಿ ನೆಲಕ್ಕೆ ಬಿತ್ತು. ಕಂಬ ಹಿಡಿದು ನಡೆಸುತ್ತಿದ್ದವರ ಕಾಲು ಒಂದು ಗೇಣು ಆಚೆ ಇತ್ತು. "ಎಷ್ಟು ತೂಕ ತಡೀತದೆ ಅಣ್ಣಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಏನೂ ಆಗಕಿಲ್ಲ ಬುಡಪ್ಪ." ನಾವು ಮೂರನೇ ಸೆಮಿಸ್ಟರಿನಲ್ಲಿ ಓದಿದ ಪಾಠದಿಂದಲೇ ಇದಕ್ಕೆ ಇನ್ನೂ ಒಳ್ಳೆ ಉತ್ತರ ಕೊಡಬಹುದು.

ಮೊದಲು ತೂಕ. ಕಣ್ಣಂದಾಜು ಬೇಡ, ಗಾತ್ರ ಅಳೆದು ಸಾಂದ್ರತೆಯಿಂದ ಗುಣಿಸಿ. ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2700 ಕೆ.ಜಿ. ಅರ್ಧ ಅಡಿ ಚೌಕದ, ಏಳಡಿ ಉದ್ದದ ಒಂದು ಕಂಬ ಅಂದರೆ 0.15 × 0.15 × 2.1 ಮೀಟರ್, ಹತ್ತಿರ ಹತ್ತಿರ 128 ಕೆ.ಜಿ. ಒಂದೇ ಸಲ ನಾಲ್ಕು ಕಂಬ ಕಟ್ಟಿ ಎತ್ತಿದರೆ 500 ಕೆ.ಜಿ. ದಾಟುತ್ತೆ. ಮೂರಡಿ ಅಗಲ, ಒಂದಡಿ ಎತ್ತರ, ಎರಡಿಂಚು ದಪ್ಪದ ಸಿಮೆಂಟ್ ರಿಂಗು 100 ಕೆ.ಜಿ. ಆಸುಪಾಸು. ಮುಂದಿನ ಲೆಕ್ಕಕ್ಕೆಲ್ಲ 500 ಕೆ.ಜಿ. ಅಂತಲೇ ಇಟ್ಟುಕೊಳ್ಳೋಣ, ಅಂದರೆ ಸುಮಾರು 5 ಕಿಲೋನ್ಯೂಟನ್.

ಇನ್ನು ಜಾಗ. ಕೊಕ್ಕೆ ಎಲ್ಲಿ ಕೂರಬೇಕು ಅನ್ನೋದೇ ಅರ್ಧ ಎಂಜಿನಿಯರಿಂಗು. ಬಹಳ ಜನ ಬಕೆಟ್ಟಿನ ಒಂದು ಮೂಲೆಗೆ ಹಾಕಿಸ್ತಾರೆ, ಡ್ರೈವರ್ ಸೀಟಿನಿಂದ ಚೆನ್ನಾಗಿ ಕಾಣುತ್ತೆ ಅಂತ. ಇದನ್ನ ಓವರ್‌ಹ್ಯಾಂಗ್ ಬೀಮ್ ಅಂತ ನೋಡಿ. ಬಕೆಟ್ ಅಗಲ 1.8 ಮೀಟರ್, ಅದನ್ನು ಹಿಡಿದಿರುವ ಎರಡು ತೋಳುಗಳ ನಡುವೆ 0.9 ಮೀಟರ್ ಅಂತ ಇಟ್ಟುಕೊಂಡರೆ ತೋಳುಗಳು ನಡುವಿನಿಂದ 0.45 ಮೀಟರ್ ಆಚೀಚೆ ಇವೆ, ಭಾರ 0.9 ಮೀಟರ್ ದೂರದ ಮೂಲೆಯಲ್ಲಿದೆ. ಆಚೆ ತೋಳಿನ ಸುತ್ತ ಮೊಮೆಂಟ್ ತೆಗೆದರೆ ಭಾರದ ಕಡೆಯ ತೋಳಿಗೆ 500 × 1.35 ÷ 0.9, ಅಂದರೆ 750 ಕೆ.ಜಿ. ಬರುತ್ತೆ. ಆಚೆ ತೋಳಿಗೆ? ಮೈನಸ್ 250. ಎತ್ತಿದ್ದು 500, ಒಂದು ತೋಳು ಹೊರುತ್ತಿರೋದು 750, ಇನ್ನೊಂದು ತೋಳು ಮೇಲಕ್ಕೆ ಎಳೆಸಿಕೊಳ್ತಿದೆ. ತೋಳುಗಳು ತಿರುಚಿಕೊಳ್ಳೋದು, ಒಂದೇ ಕಡೆಯ ಪಿನ್ನು ಬುಷ್ಷು ಸವೆಯೋದು ಇದಕ್ಕೇ. ಅದೇ ಕೊಕ್ಕೆ ನಟ್ಟನಡುವೆ ಇದ್ದರೆ ತೋಳಿಗೆ ತಲಾ 250, ಅಷ್ಟೇ.

ಹಾಗಂತ ನಡುವೆ ಎಲ್ಲಿ ಬೇಕಾದರೂ ಅಂಟಿಸಿದರೆ ಆಗಲ್ಲ. ಬಕೆಟ್ಟಿನ ಹಿಂಗೋಡೆ ತೆಳು ಶೀಟು. ಮೇಲಂಚಿನಲ್ಲಿ ಮಡಿಕೆಯೋ ಪೆಟ್ಟಿಗೆ ಆಕಾರದ ಪಟ್ಟಿಯೋ ಇರುತ್ತೆ, ಗಟ್ಟಿ ಜಾಗ ಅದು. ಒಂಟಿ ಕೊಕ್ಕೆಯಾದರೆ ಮೇಲಂಚಿನ ನಡುವೆ. ಎರಡು ಕಾಲಿನ ಚೈನ್ ಬಳಸೋದಾದರೆ ನಡುವಿನಿಂದ ಸಮ ದೂರದಲ್ಲಿ, ತೋಳುಗಳು ಬಂದು ಕೂಡುವ ಗೆರೆಯಲ್ಲೇ ಎರಡು ಕೊಕ್ಕೆ. ಮಣ್ಣು ಕೊಚ್ಚುವ ಕೆಳಗಿನ ಅಂಚಿಗೆ ಮಾತ್ರ ಕೈ ಹಾಕಬೇಡಿ. ಅದು ಸವೆಯದಿರಲಿ ಅಂತ ಗಡಸು ಉಕ್ಕಿನಲ್ಲಿ ಮಾಡಿರೋದು. ಮೊದಲೇ ಹದವಾಗಿ ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಹುಟ್ಟುತ್ತೆ. ಎಷ್ಟೋ ಸಲ ಆ ಬಿರುಕು ಅವತ್ತೇ ಕಾಣಲ್ಲ, ಒಂದೆರಡು ದಿನ ಬಿಟ್ಟು ತಲೆ ತೋರಿಸುತ್ತೆ.

ಕೊಕ್ಕೆಯ ಬಾಯಿ ಯಾವ ಕಡೆಗಿರಬೇಕು? ಇದನ್ನ ಯಾರೂ ಯೋಚಿಸಿದ್ದು ನಾವು ನೋಡಿಲ್ಲ. ಬಕೆಟ್ ಮಟ್ಟವಾಗಿದ್ದಾಗ ಮೇಲಂಚು ಹಿಂದಿರುತ್ತೆ. ಅಲ್ಲಿಂದ ಇಳಿಬಿಟ್ಟ ಚೈನು ಬಕೆಟ್ಟಿನ ತಳದ ಮೇಲೇ ಬೀಳುತ್ತೆ. ಅದಕ್ಕೇ ಎತ್ತೋ ಮುಂಚೆ ಬಕೆಟ್ಟನ್ನು ಮುಂದಕ್ಕೆ ಮಗುಚುತ್ತಾರೆ, ಆಗ ಮೇಲಂಚು ಮುಂದೆ ಬರುತ್ತೆ. ಅರೆಬರೆ ಮಗುಚಿದರೆ ಚೈನು ಕೆಳ ಅಂಚಿಗೆ ಉಜ್ಜುತ್ತೆ, ಚೂಪು ಅಂಚಿನ ಮೇಲೆ ಬಾಗಿದ ಕೊಂಡಿಗೆ ಅದರ ಪೂರ್ತಿ ಬಲ ಇರಲ್ಲ. ಒಂದು ಸುಲಭ ಉಪಾಯ ಇದೆ. ವೆಲ್ಡಿಂಗಿಗೆ ಮುಂಚೆ, ನೀವು ನಿಜವಾಗಿ ಎತ್ತುವ ಕೋನಕ್ಕೆ ಬಕೆಟ್ ಮಗುಚಿ, ಮೇಲಂಚಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ. ಗಾರೆ ಕೆಲಸದವರ ತೂಕುಗುಂಡಿನ ಹಾಗೆ. ದಾರ ಎಲ್ಲೂ ತಾಗದೆ ನೇತಾಡುವ ಕೋನ ಸಿಕ್ಕ ಮೇಲೆ, ದಾರದ ಎಳೆತ ಕೊಕ್ಕೆಯ ಹೊಟ್ಟೆಗೆ ನೇರವಾಗಿ ಬೀಳೋ ಹಾಗೆ ಕೊಕ್ಕೆ ಇಟ್ಟು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಎಳೆತ ಕೊಕ್ಕೆಯ ಪಕ್ಕಕ್ಕೆ ಬಿದ್ದರೆ ಎಂಥ ಕೊಕ್ಕೆಯೂ ತಿರುಚಿಕೊಳ್ಳುತ್ತೆ. ಇನ್ನೊಂದು: ಎತ್ತಿದ ಮೇಲೆ ಡ್ರೈವರ್ ಬಕೆಟ್ಟನ್ನ ಒಂಚೂರು ಹಿಂದಕ್ಕೆ ವಾಲಿಸಿದರೂ ಕೊಕ್ಕೆಯ ಬಾಯಿಯ ದಿಕ್ಕು ಬದಲಾಗುತ್ತೆ, ಸಡಿಲವಾದ ಚೈನು ಆಚೆ ಬರಬಹುದು. ಬಾಯಿಗೆ ಸ್ಪ್ರಿಂಗ್ ನಾಲಗೆ ಇರುವ ಕೊಕ್ಕೆ ಕೊಳ್ಳಿ ಅನ್ನೋದು ಅದಕ್ಕೇ.

ಕೊಕ್ಕೆಗಳಲ್ಲೂ ಎರಡು ಜಾತಿ. ಗ್ರ್ಯಾಬ್ ಹುಕ್ಕಿನ ಬಾಯಿ ಕಿರಿದು. ಒಂದು ಕೊಂಡಿ ಅಡ್ಡಲಾಗಿ ಒಳಗೆ ಕೂತರೆ ಮುಂದಿನ ಕೊಂಡಿ ದಾಟಲಾರದು, ಚೈನು ಜಾರಲ್ಲ, ಬೇಕಾದ ಉದ್ದಕ್ಕೆ ನಿಲ್ಲಿಸಬಹುದು. ಸ್ಲಿಪ್ ಹುಕ್ಕಿನ ಬಾಯಿ ಅಗಲ, ಚೈನು ಅದರೊಳಗೆ ಓಡಾಡುತ್ತೆ. ಬಕೆಟ್ ಮೇಲೆ ಕೂರಿಸೋಕೆ ನಮ್ಮ ಮತ ಗ್ರ್ಯಾಬ್ ಹುಕ್ಕಿಗೆ. ಆದರೆ ಅಂಗಡಿಯಲ್ಲಿ "ವೆಲ್ಡ್ ಮಾಡುವ ಹುಕ್ಕು" ಅಂತಲೇ ಕೇಳಬೇಕು. ಚೈನಿನ ತುದಿಗೆ ಹಾಕುವ ಸಾಮಾನ್ಯ ಕೊಕ್ಕೆ ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು. ಆರ್ಕ್ ತಾಗಿದರೆ ಆ ಹದ ಹೋಯ್ತು. ವೆಲ್ಡ್ ಮಾಡುವ ಕೊಕ್ಕೆಗೆ ಅಗಲ ಪಾದ ಇರುತ್ತೆ, ಲೋಹವೂ ಬೆಸುಗೆಗೆ ಒಗ್ಗುವಂಥದ್ದು. ಚೈನಿನ ಕೊಂಡಿಗಳನ್ನೇ ಬಕೆಟ್ಟಿಗೆ ವೆಲ್ಡ್ ಮಾಡೋದೂ ಇದೇ ಕಾರಣಕ್ಕೆ ಬೇಡ. ಕಂಬಿಯ ಕಥೆಯೂ ಇಲ್ಲೇ ಬರುತ್ತೆ. ಟಿ.ಎಂ.ಟಿ. ಕಂಬಿಯ ಗಟ್ಟಿತನ ಅದರ ಹೊರಪದರದಲ್ಲಿದೆ, ನೀರಲ್ಲಿ ದಿಢೀರನೆ ತಣಿಸಿ ಬರಿಸಿದ್ದು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ ಕಡೆ ಆ ಪದರ ಮೆತ್ತಗಾಗಿರುತ್ತೆ, ಮತ್ತು ಕೊಕ್ಕೆಯಲ್ಲಿ ಅತಿ ಹೆಚ್ಚು ಸ್ಟ್ರೆಸ್ ಬರೋದು ಸರಿಯಾಗಿ ಆ ಬಾಗಿನಲ್ಲೇ.

ಈಗ ಬೆಸುಗೆ. ಮೊದಲು ಲೆಕ್ಕ ಮಾಡಿ ಆಮೇಲೆ ಗಾಬರಿಯಾಗೋಣ. ಕೊಕ್ಕೆಯ ಪಾದದ ಎರಡೂ ಬದಿಗೆ 60 ಎಂ.ಎಂ. ಉದ್ದ, 6 ಎಂ.ಎಂ. ಅಳತೆಯ ಫಿಲೆಟ್ ಬೆಸುಗೆ ಅಂತಿಟ್ಟುಕೊಳ್ಳಿ. ಗಂಟಲಿನ ದಪ್ಪ 0.7 × 6, ಅಂದರೆ 4.2 ಎಂ.ಎಂ. ಒಟ್ಟು ಉದ್ದ 120. ವಿಸ್ತೀರ್ಣ 504 ಚದರ ಎಂ.ಎಂ. ಐಎಸ್ 800:2007 ಪ್ರಕಾರ 410 ಮೆಗಾಪಾಸ್ಕಲ್ ಲೋಹಕ್ಕೆ, ಸೈಟಿನಲ್ಲಿ ಮಾಡಿದ ವೆಲ್ಡಿಗೆ 1.5 ಸುರಕ್ಷತಾ ಗುಣಾಂಕ ಹಿಡಿದರೆ, 410 ÷ (√3 × 1.5), ಸುಮಾರು 158. ಗುಣಿಸಿ: 79 ಕಿಲೋನ್ಯೂಟನ್‌ಗೂ ಜಾಸ್ತಿ. ನಮ್ಮ ಭಾರ 5. ಹದಿನೈದು ಪಟ್ಟು ಮಿಗುತ್ತೆ! ಹಾಗಾದರೆ "ಏನೂ ಆಗಕಿಲ್ಲ ಬುಡಪ್ಪ" ಅಂದವರೇ ಸರಿ ಅಲ್ಲವಾ?

ಅಲ್ಲ. ಈ ಲೆಕ್ಕ ನೇರ ಎಳೆತಕ್ಕೆ, ಅದೂ ಬೆಸುಗೆ ಪೂರ್ತಿ ಒಳಗಿಳಿದಿದ್ದರೆ. ಬಣ್ಣ, ತುಕ್ಕು, ಗ್ರೀಸಿನ ಮೇಲೇ ರಾಡು ಓಡಿಸಿದರೆ ಮೇಲೆ ಚೆಂದದ ಗೆರೆ ಕಾಣುತ್ತೆ, ಕೆಳಗೆ ಲೋಹ ಕೂಡಿಕೊಂಡೇ ಇರಲ್ಲ. ಎರಡನೆಯದು, ಭಾರ ಬೀಳೋದು ಪಾದದಲ್ಲಲ್ಲ, ಅದರಿಂದ ಸುಮಾರು 50 ಎಂ.ಎಂ. ಆಚೆಯ ಹೊಟ್ಟೆಯಲ್ಲಿ. 5 ಕಿಲೋನ್ಯೂಟನ್ × 50 ಎಂ.ಎಂ., ಅಂದರೆ 250 ನ್ಯೂಟನ್ ಮೀಟರ್ ಮೊಮೆಂಟು ಪಾದದ ಒಂದು ತುದಿಯನ್ನು ಕಿತ್ತೆತ್ತೋಕೆ ನೋಡುತ್ತೆ. ಮೂರನೆಯದು, ಗದ್ದೆ ಬದುವಿನ ಮೇಲೆ ಟ್ರ್ಯಾಕ್ಟರ್ ಒಂದು ಸಲ ಕುಕ್ಕಿದರೆ ಸಾಕು. ದಿಢೀರನೆ ಬಿದ್ದ ಭಾರಕ್ಕೆ ಸ್ಟ್ರೆಸ್ ಎರಡು ಪಟ್ಟು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸು ತಗೊಂಡಿದ್ದೇವೆ. ಸಡಿಲ ಚೈನು ಜಗ್ಗಿದರೆ ಎರಡಕ್ಕೂ ನಿಲ್ಲಲ್ಲ. ಇಷ್ಟಾದರೂ ಒಳ್ಳೆ ಬೆಸುಗೆ ತಡೆದೀತು. ತಡೆಯದಿರೋದು ಅದರ ಕೆಳಗಿನ ಶೀಟು: ಬೆಸುಗೆಯ ಜೊತೆಗೇ ಹರಿದುಕೊಂಡು ಬರುತ್ತೆ.

ಅದಕ್ಕೇ ಕೊಕ್ಕೆಯನ್ನ ನೇರ ಶೀಟಿಗೆ ಹಾಕದೆ, ನಡುವೆ ಒಂದು ಪಟ್ಟಿ ಕೊಡಬೇಕು. 12 ಎಂ.ಎಂ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿ, ಕೊಕ್ಕೆಯ ಪಾದಕ್ಕಿಂತ ಎಲ್ಲ ಕಡೆ ಎರಡು ಮೂರಿಂಚು ದೊಡ್ಡದು. ಬಾಗುವ ಬಲ ದಪ್ಪದ ವರ್ಗಕ್ಕೆ ಹೊಂದಿಕೊಂಡಿರೋದರಿಂದ 6 ಎಂ.ಎಂ. ಶೀಟಿಗಿಂತ ಈ ಪಟ್ಟಿ 4 ಪಟ್ಟು ತಡೆಯುತ್ತೆ, ಬಿಗಿತ ದಪ್ಪದ ಘನಕ್ಕೆ ಅನ್ನೋದರಿಂದ 8 ಪಟ್ಟು ಕಡಿಮೆ ಬಾಗುತ್ತೆ. ಪಟ್ಟಿಯ ಮೂಲೆಗಳನ್ನ ಗ್ರೈಂಡರಿನಲ್ಲಿ ದುಂಡಗೆ ಮಾಡಿ, ಸುತ್ತಲೂ ಬೆಸೆಯಿರಿ. ಬಿರುಕಿಗೆ ಚೂಪು ಮೂಲೆ ಅಂದರೆ ಬಹಳ ಇಷ್ಟ.

ರಾಡಿನ ಬಗ್ಗೆ ಒಂದು ಮಾತು. ಊರಿನ ಶಾಪುಗಳಲ್ಲಿ ಸಾಮಾನ್ಯವಾಗಿ ಇರೋದು 6013. ಗೇಟು, ಕಿಟಕಿಗೆ ಒಳ್ಳೆಯದೇ. ಭಾರ ಎತ್ತುವ ಜಾಗಕ್ಕೆ 7018 ಕೇಳಿ. ಮೊದಲ ಎರಡು ಅಂಕಿ ಬೆಸುಗೆಯ ಬಲ, ಸಾವಿರ ಪಿ.ಎಸ್.ಐ. ಲೆಕ್ಕದಲ್ಲಿ. ಆದರೆ ನಿಜವಾದ ಲಾಭ ಬಲದಲ್ಲಲ್ಲ, 7018 ಬೆಸುಗೆಗೆ ಹೈಡ್ರೋಜನ್ ಕಡಿಮೆ ಬಿಡುತ್ತೆ, ಹಾಗಾಗಿ ತಡವಾಗಿ ಬರುವ ಬಿರುಕಿನ ಭಯ ಕಡಿಮೆ. ಷರತ್ತು ಒಂದೇ, ರಾಡು ಒಣಗಿರಬೇಕು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಮೂಲೆಯಲ್ಲಿ ಇಟ್ಟಿದ್ದ 7018 ಓವನ್ನಿನಲ್ಲಿ ಒಣಗಿಸದೆ ಬಳಸಿದರೆ ದುಡ್ಡು ಕೊಟ್ಟು ಮೋಸ ಹೋದ ಹಾಗೆ. ಅರ್ತಿಂಗ್ ಕ್ಲಾಂಪನ್ನು ಬಕೆಟ್ಟಿಗೇ, ಬೆಸುಗೆಯ ಹತ್ತಿರವೇ ಹಾಕಿಸಿ. ಟ್ರ್ಯಾಕ್ಟರಿನ ಹಿಂಭಾಗಕ್ಕೆ ಹಾಕಿದರೆ ಅಷ್ಟೂ ಕರೆಂಟು ಪಿನ್ನು, ಬುಷ್ಷು, ಹೈಡ್ರಾಲಿಕ್ ಸಿಲಿಂಡರುಗಳ ಮೂಲಕ ಓಡುತ್ತೆ. ಬ್ಯಾಟರಿ ಬಿಚ್ಚಿಡೋದು ಒಳ್ಳೇದು, ಹೊಸ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಇರುತ್ತೆ. ಸತು ಲೇಪದ ಕೊಕ್ಕೆಯಾದರೆ ಲೇಪ ಉಜ್ಜಿ ತೆಗೆದೇ ಬೆಸೆಯಬೇಕು, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತೆ.

ಚೈನಿನ ವಿಷಯ ಚಿಕ್ಕದಾಗಿ. ಭಾರ ಎತ್ತೋಕೆ ಗ್ರೇಡ್ 80 ಚೈನು. ಗ್ರೇಡ್ 80 ಅಂದರೆ ಮುರಿಯುವ ಸ್ಟ್ರೆಸ್ 800 ಮೆಗಾಪಾಸ್ಕಲ್. 8 ಎಂ.ಎಂ. ಕೊಂಡಿಯಲ್ಲಿ ಎರಡು ಕಡ್ಡಿ ಸೇರಿ ಸುಮಾರು 100 ಚದರ ಎಂ.ಎಂ., ಅಂದರೆ 80 ಕಿಲೋನ್ಯೂಟನ್ನಿಗೆ ಮುರಿಯುತ್ತೆ. ನಾಲ್ಕರಿಂದ ಭಾಗಿಸಿ 2 ಟನ್ ಅಂತ ತಗಡಿನ ಮೇಲೆ ಬರೆದಿರುತ್ತಾರೆ. ಎರಡು ಕಾಲಿನಲ್ಲಿ ಕಟ್ಟುವಾಗ ಕಾಲು ಅಗಲಿಸಿದಷ್ಟೂ ಎಳೆತ ಏರುತ್ತೆ. ಲಂಬದಿಂದ 30 ಡಿಗ್ರಿಗೆ ಪ್ರತಿ ಕಾಲಿಗೆ 289 ಕೆ.ಜಿ., 60 ಡಿಗ್ರಿಗೆ ಪೂರ್ತಿ 500. ಎರಡು ಕಾಲಿದ್ದೂ ಒಂದೇ ಇದ್ದ ಹಾಗೆ.

ಕೊಕ್ಕೆ, ಬೆಸುಗೆ, ಚೈನು ಮೂರೂ ಗಟ್ಟಿಯಾದ ಮೇಲೆ ಹೊಸ ಅಪಾಯ ಶುರು: ಈಗ ಯಾವುದೂ ಮುರಿಯಲ್ಲ, ಟ್ರ್ಯಾಕ್ಟರೇ ಮಗುಚುತ್ತೆ. 2000 ಕೆ.ಜಿ. ಟ್ರ್ಯಾಕ್ಟರು, ಹಿಂದಿನ ಚಕ್ರದ ಮೇಲೆ 1200, ಚಕ್ರಗಳ ಅಂತರ 2 ಮೀಟರ್ ಅಂತಿಟ್ಟುಕೊಳ್ಳಿ. ಮುಂದಿನ ಅಚ್ಚಿನಿಂದ 1.6 ಮೀಟರ್ ಮುಂದೆ 500 ಕೆ.ಜಿ. ನೇತಾಡಿದರೆ ಹಿಂದಿನ ಚಕ್ರದಿಂದ 400 ಕೆ.ಜಿ. ಎದ್ದುಹೋಗುತ್ತೆ, ಮುಂದಿನ ಅಚ್ಚಿಗೆ 900 ಸೇರುತ್ತೆ. ಲೋಡರಿನ ಸ್ವಂತ ತೂಕ ಇನ್ನೂ ಬೇರೆ. ಬ್ರೇಕು ಹಿಡಿಯೋದು ಹಿಂದಿನ ಚಕ್ರದಲ್ಲೇ, ಅದೇ ಹಗುರ. ಹಿಂದಿನ ಟೈರಿಗೆ ನೀರು ತುಂಬಿಸೋ ರೂಢಿ ನಮ್ಮ ಕಡೆ ಮುಂಚಿನಿಂದಲೂ ಇದೆ, ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತೆ. ಜೊತೆಗೆ ಹಿಂದೆ ಕಾಂಕ್ರೀಟ್ ತೂಕ ಕಟ್ಟಬಹುದು. ಭಾರವನ್ನ ನೆಲದಿಂದ ಒಂದಡಿ ಎತ್ತರದಲ್ಲೇ ಇಟ್ಟು ಸಾಗಿ. ನೇತಾಡುವ ಭಾರದ ಬಲವೆಲ್ಲ ಕೊಕ್ಕೆಯ ಎತ್ತರದಲ್ಲೇ ಬೀಳೋದರಿಂದ ತೋಳು ಎತ್ತರಿಸಿದಷ್ಟೂ ಗಾಡಿ ಪಕ್ಕಕ್ಕೆ ಉರುಳೋದು ಸುಲಭ. ಅಲುಗಾಡುವ ಕಂಬವನ್ನ ಕೈಯಲ್ಲಿ ಹಿಡಿದು ನಡೆಯೋ ಬದಲು ಅದರ ತುದಿಗೆ ಹಗ್ಗ ಕಟ್ಟಿ ದೂರದಿಂದ ಹಿಡೀರಿ. ಹೊಲದ ಮೇಲೆ ಸೆಸ್ಕ್ ಲೈನು ಹಾದಿದ್ದರೆ ಅದರ ಕೆಳಗೆ ತೋಳು ಎತ್ತಲೇಬೇಡಿ. ಕೆಸರಲ್ಲಿ ಹೂತ ಗಾಡಿ ಎಳೆಯೋಕೆ ಈ ಕೊಕ್ಕೆ ಅಲ್ಲವೇ ಅಲ್ಲ, ಅದಕ್ಕೆ ಹಿಂದೆ ಕೆಳಗಿರುವ ಡ್ರಾಬಾರ್ ಇದೆ. ಕೆಲವು ಲೋಡರ್ ಕಂಪನಿಗಳು ಬಕೆಟ್ಟಿನಿಂದ ನೇತುಹಾಕಿ ಎತ್ತುವುದನ್ನೇ ಬೇಡ ಅನ್ನುತ್ತವೆ, ಆದ್ದರಿಂದ ಮ್ಯಾನ್ಯುಯಲ್ ತೆಗೆದು ನೋಡಿ.

ಹೊಸ ಕೊಕ್ಕೆಯ ಬಾಯಿಯ ಎರಡೂ ದಡಕ್ಕೆ ಪಂಚಿನಲ್ಲಿ ಒಂದೊಂದು ಚುಕ್ಕೆ ಹೊಡೆದು, ನಡುವಿನ ಅಂತರವನ್ನ ಬಕೆಟ್ಟಿನ ಒಳಮೈಗೆ ಪೇಂಟಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಅಳೆಯಿರಿ. ಅಂತರ ಹೆಚ್ಚಿದ್ದರೆ ಕೊಕ್ಕೆ ಬಾಯಿ ಬಿಡ್ತಿದೆ ಅಂತ ಅರ್ಥ, ಬಡಿದು ಸರಿ ಮಾಡೋದಲ್ಲ, ಕಿತ್ತು ಬೇರೆ ಹಾಕೋದು. ಚೈನಿನ ಕೊಂಡಿ ಹತ್ತನೇ ಒಂದು ಭಾಗ ಸವೆದಿದ್ದರೂ ಹಾಗೇ. ಬೆಸುಗೆಯ ಬಿರುಕು ನೋಡೋಕೆ ಕೆಂಪು ಬಣ್ಣದ ಡೈ ಪೆನೆಟ್ರಂಟ್ ಕಿಟ್ ಸಾಕು, ಮೂರು ಸ್ಪ್ರೇ ಡಬ್ಬಿ. ಮುಂದಿನ ರಜೆಗೆ ನಾವೊಂದು ಸೆಟ್ ಊರಿಗೆ ಒಯ್ತಿದ್ದೇವೆ. ಆ ಕಡೆ ಯಾರದ್ದಾದರೂ ಮನೆಯಲ್ಲಿ ಲೋಡರ್ ಇದ್ದರೆ ಕ್ಲಬ್ಬಿಗೆ ತಿಳಿಸಿ, ಬಂದು ನೋಡ್ತೇವೆ.